ಒಂಬತ್ತು ಮೈಲಿ ದೂರದ ಅನುಮತಿ

ಆರ್ವಿಡ್ ನೆಸ್ ಮೇಷ್ಟ್ರ ಫಜೀತಿಗೆಲ್ಲ ಮೂಲ ಅವರ ಕಂದು ಕೋಟಿನ ಒಳಜೇಬು. ಚಳಿಗಾಲಕ್ಕೆ ತೊಡುತ್ತಿದ್ದ ದಪ್ಪ ಜಾಕೆಟ್ಟಿನ ಜಿಪ್ಪು ಜನವರಿಯ ಆ ಗುರುವಾರ ಬೆಳಿಗ್ಗೆ ಕೈಕೊಟ್ಟಿತು. ಹೊರಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿತ್ತು. ಇದ್ದುದರಲ್ಲಿ ಇದೇ ಸೈ ಎಂದು, ಅಕ್ಟೋಬರಿನಿಂದ ಮೊಳೆಗೆ ನೇತುಬಿದ್ದಿದ್ದ ಕಂದು ಕೋಟನ್ನು ಎರಡು ಸ್ವೆಟರಿನ ಮೇಲೆ ಏರಿಸಿಕೊಂಡು ಶಾಲೆಗೆ ಬಂದರು. ಸ್ಟಾಫ್ ರೂಮಿನಲ್ಲಿ ಕನ್ನಡಕಕ್ಕಾಗಿ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಉದ್ದನೆಯ ಲಕೋಟೆ. ಅಂಚೆಚೀಟಿ ಅಂಟಿಸಿತ್ತು, ವಿಳಾಸ ಬರೆದಿತ್ತು, ಬಾಯಿ ಮಾತ್ರ ಮುಚ್ಚಿರಲಿಲ್ಲ. ಮೂರು ತಿಂಗಳ ಹಿಂದೆಯೇ ನ್ಯೂಯಾರ್ಕ್ ಸೇರಿದೆ ಎಂದು ಅವರು ನಂಬಿಕೊಂಡಿದ್ದ ಲಕೋಟೆ ಅದು.

ಒಳಗಿದ್ದದ್ದು ‘ಆ ಕಡೆ ಯಾರು?’ ಎಂಬ ನಾಟಕ ಆಡುವುದಕ್ಕೆ ಅನುಮತಿ ಕೋರಿದ ಅರ್ಜಿ. ಹಿಮಗಾಳಿ ಬೀಸುವ ಹೊತ್ತಿನಲ್ಲಿ ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂಟಿಯಾಗಿ ಕೂತ ಹೆಂಗಸೊಬ್ಬಳು ಇಡೀ ಸೀಮೆಯ ಜನರನ್ನು ಒಬ್ಬರಿಗೊಬ್ಬರು ಮಾತಾಡಿಸಿ ಬದುಕಿಸುವ ಕಥೆ. ಹತ್ತೊಂಬತ್ತು ವರ್ಷದ ಹಿಂದೆ ಟ್ರ್ಯಾಕ್ಟರಿನ ಬಿಡಿಭಾಗ ತರಲು ಅಣ್ಣನ ಜೊತೆ ಮಿನಿಯಾಪೊಲಿಸ್‌ಗೆ ಹೋಗಿದ್ದ ಮೇಷ್ಟ್ರು, ಚಳಿ ತಡೆಯಲಾರದೆ ಕಂಡ ಬಾಗಿಲಿಗೆ ನುಗ್ಗಿದಾಗ ಒಳಗೆ ಈ ನಾಟಕ ನಡೆಯುತ್ತಿತ್ತು. ಮುಗಿದು ದೀಪ ಹಾಕಿದ ಮೇಲೂ ಏಳಲಾಗದೆ ಕೂತಿದ್ದರಂತೆ. ಅಂದಿನಿಂದ ವರ್ಷಕ್ಕೊಮ್ಮೆ ಇವರು ಕೇಳುವುದು, ಹವ್ಯಾಸಿಗಳಿಗೆ ಇನ್ನೂ ಬಿಟ್ಟಿಲ್ಲ ಎಂದು ಹಕ್ಕು ಹಿಡಿದಿದ್ದ ನ್ಯೂಯಾರ್ಕಿನವರು ಬರೆಯುವುದು. ಹದಿನೆಂಟು ಸಲ ಹೀಗಾಯಿತು. ಆ ಹದಿನೆಂಟು ವರ್ಷವೂ ನಮ್ಮೂರಿನವರು ನೋಡಿದ್ದು ಹೆಂಡತಿಗೆ ಹೆದರಿ ಬೀರುವಿನಲ್ಲಿ ಅಡಗುವ ಗಂಡಂದಿರ ಪ್ರಹಸನಗಳನ್ನೇ. ಕೊನೆಗೂ ಈ ವರ್ಷ ನ್ಯೂಯಾರ್ಕಿನವರ ಕ್ಯಾಟಲಾಗಿನಲ್ಲಿ ಆ ನಾಟಕದ ಹೆಸರು ಬಂತು. ಮೇ ತಿಂಗಳಿಗೆ ಮೇಷ್ಟ್ರ ನಿವೃತ್ತಿ. ಈಗ ಆಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅರ್ಜಿ ತುಂಬುವುದು ಹತ್ತು ನಿಮಿಷದ ಕೆಲಸ. ಆದರೆ ಮೇಷ್ಟ್ರು ಅದರ ಜೊತೆಗೆ ನಾಟಕ ಬರೆದವರಿಗೊಂದು ಕಾಗದ ಇಡಬೇಕೆಂದು ಹೊರಟರು. ಹತ್ತೊಂಬತ್ತು ವರ್ಷದ ಆಸೆ ನಾಲ್ಕು ಪುಟ ಆಯಿತು. ತಿದ್ದಿದರು, ಹರಿದರು, ಮತ್ತೆ ಬರೆದರು. ಇನ್ನೊಂದು ಒಳ್ಳೆಯ ಸಾಲು ಹೊಳೆದರೆ ಸೇರಿಸೋಣವೆಂದು ಲಕೋಟೆಯ ಬಾಯಿ ತೆರೆದೇ ಜೇಬಿಗಿಟ್ಟುಕೊಂಡರು. ಅಷ್ಟರಲ್ಲಿ ಮೊದಲ ಹಿಮ ಬಿತ್ತು, ಕೋಟು ಮೊಳೆಗೆ ಹೋಯಿತು. ಮೂವತ್ತೊಂದು ವರ್ಷ ಊರ ಮಕ್ಕಳ ಪ್ರಬಂಧ ತಿದ್ದಿದ ಮನುಷ್ಯನಿಗೆ ತನ್ನ ಒಂದು ಕಾಗದ ತಿದ್ದಿ ಮುಗಿಸಲಾಗಲಿಲ್ಲ.

ಉತ್ತರ ಬರಲಿಲ್ಲವಲ್ಲ ಎಂದು ಡಿಸೆಂಬರಿನಲ್ಲಿ ಒಂದೆರಡು ಸಲ ಅನ್ನಿಸಿತ್ತು. ನ್ಯೂಯಾರ್ಕಿನವರ ಕಣ್ಣಿಗೆ ನಮ್ಮಂಥ ಊರು ಬೀಳಬೇಕಾದರೆ ಹೊತ್ತು ಹಿಡಿಯುತ್ತದೆ ಎಂದು ಸಮಾಧಾನ ಮಾಡಿಕೊಂಡು ತಾಲೀಮು ಶುರು ಮಾಡಿಯೇಬಿಟ್ಟರು. ಎಕ್ಸ್‌ಚೇಂಜಿನ ಹೆಂಗಸಾಗಿ ಹಂದಿ ಸಾಕುವವರ ಮನೆಯ ಬ್ರೀಟಾ. ಆ ಹುಡುಗಿ ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಮೊದಲ ಮಾತು ಆಡಿದರೆ ಹಿಂದಿನ ಸಾಲಿನಲ್ಲಿ ಗಮ್ ಅಗಿಯುತ್ತಿದ್ದ ಹುಡುಗರ ದವಡೆ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ಬ್ಯಾಂಕಿನ ಗಾಜಿಗೆ, ಪೆಟ್ರೋಲ್ ಬಂಕಿನ ಬಾಗಿಲಿಗೆ, ಮಕ್ಕಳು ಬರೆದ ಪೋಸ್ಟರುಗಳನ್ನೂ ಅಂಟಿಸಿಯಾಗಿತ್ತು. ಮದುವೆಯ ಊಟಕ್ಕೆ ಊರನ್ನೆಲ್ಲ ಕರೆದಾಗಿತ್ತು, ಹೆಣ್ಣನ್ನು ಮಾತ್ರ ಇನ್ನೂ ಕೇಳಿರಲಿಲ್ಲ.

ಮೇಷ್ಟ್ರು ಲಕೋಟೆ ಹಿಡಿದುಕೊಂಡು ಆಫೀಸಿಗೆ ಓಡಿದರು. ಬಾಗಿಲಿಗೆ ಬೀಗ. ಶಾಲೆಯ ಗುಮಾಸ್ತೆ ಒಟಿಲಿಯಾ ಶಾಟ್ಸ್ ಅವರು ದವಡೆಹಲ್ಲು ಕೀಳಿಸಲು ರಾಜಧಾನಿ ಬಿಸ್ಮಾರ್ಕ್‌ಗೆ ಹೋಗಿದ್ದರು. ಬೀಗದ ಕೈ ಯಾವತ್ತೂ ಅವರ ಕೈಚೀಲದಲ್ಲೇ ಇರುತ್ತಿತ್ತು. ಶಾಲೆಯ ಫ್ಯಾಕ್ಸ್ ಯಂತ್ರ ಒಳಗೆ.

ಅವರು ಇದ್ದಿದ್ದರೂ ಮೇಷ್ಟ್ರು ಬಾಯಿ ಬಿಡುತ್ತಿದ್ದರೆಂದು ನಾನು ಹೇಳಲಾರೆ. ಹನ್ನೊಂದು ವರ್ಷದ ಹಿಂದೆ ಮಕ್ಕಳು ಕಡಿಮೆಯಾದರೆಂದು ನಮ್ಮ ಟೋರ್ವಿಕ್ ಶಾಲೆಗೆ ಪಕ್ಕದ ವಾಲ್ಡೆಕ್ ಊರಿನ ಶಾಲೆಯನ್ನು ಸೇರಿಸಿ, ಹೆಸರನ್ನು ಟೋರ್ವಿಕ್-ವಾಲ್ಡೆಕ್ ಪ್ರೌಢಶಾಲೆ ಎಂದು ಬದಲಾಯಿಸಿದರು. ಕಟ್ಟಡ ನಮ್ಮದು ಉಳಿಯಿತು, ಅವರದಕ್ಕೆ ಸೂರ್ಯಕಾಂತಿ ಬೀಜ ತುಂಬಿದರು. ಅವರ ಗುಮಾಸ್ತೆ ಒಟಿಲಿಯಾ ಇಲ್ಲಿಗೆ ಬಂದರು. ಬಂದ ಮೊದಲ ವಾರವೇ ಮೇಷ್ಟ್ರ ಮೇಜಿನ ಮೇಲೆ ಹರಡಿ ಬಿದ್ದಿದ್ದ ನಾಟಕದ ಕಾಗದಗಳನ್ನೆಲ್ಲ ಜೋಡಿಸಿ, ರಂಧ್ರ ಮಾಡಿ, ಫೈಲಿಗೆ ಹಾಕಿಟ್ಟಿದ್ದರು. ಮೇಷ್ಟ್ರಿಗೆ ಸಿಟ್ಟು ಬಂತು. “ನನ್ನ ನಾಟಕದ ಕಾಗದಕ್ಕೆ ಇನ್ನು ಕೈ ಹಚ್ಚಬೇಡಿ ಮೇಡಂ. ವಾಲ್ಡೆಕ್‌ನಲ್ಲಿ ಹೇಗೋ ಏನೋ, ಇಲ್ಲಿ ಹಾಗಿಲ್ಲ,” ಎಂದರು. ಒಟಿಲಿಯಾ ಆಗಲಿ ಎಂದು ತಲೆಯಾಡಿಸಿದರು. ಅಂದಿನಿಂದ ಇಬ್ಬರ ನಡುವೆ ನಡೆಯುತ್ತಿದ್ದದ್ದು ಹಾಜರಿ ಪುಸ್ತಕದ ವ್ಯವಹಾರ ಮಾತ್ರ. ಅದೊಂದು ಮಾತು ಬಾಯಿಂದ ಜಾರದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಎಂದು ಮೇಷ್ಟ್ರು ಈಗಲೂ ಹಲುಬುತ್ತಾರೆ.

ಫೋನು ಸ್ಟಾಫ್ ರೂಮಿನಲ್ಲೂ ಒಂದಿತ್ತು. ತೊಂದರೆ ಎಂದರೆ ಅಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಬಕ್ ಲೀಬೆಲ್ಟ್ ಕಾಫಿ ಕುಡಿಯುತ್ತ ಕೂತಿದ್ದರು. ಕೋಚ್ ಕಿವಿಗೆ ಬಿದ್ದದ್ದು ಊರಿನ ಕಿವಿಗೆ ಬಿದ್ದ ಹಾಗೆ. ಬೇರೆ ದಾರಿಯಿಲ್ಲದೆ ಮೇಷ್ಟ್ರು ನ್ಯೂಯಾರ್ಕಿಗೆ ಫೋನು ಹಚ್ಚಿದರು. ನಾಟಕಗಳ ಹಕ್ಕು ನೋಡಿಕೊಳ್ಳುವ ಏಜೆನ್ಸಿಯಲ್ಲಿ ಒಬ್ಬ ಹುಡುಗಿ ಎತ್ತಿಕೊಂಡಳು. ಮೇಷ್ಟ್ರು ವಿಷಯ ಹೇಳಿದರು.

“ನಿಮ್ಮ ಕಡೆ ಆ ನಾಟಕ ಆಗ್ಲೇ ಕೊಟ್ಟಾಗಿದೆ ಸಾರ್,” ಎಂದಳು ಹುಡುಗಿ. “ಸುತ್ತ ಐವತ್ತು ಮೈಲಿಗೆ ಈ ವರ್ಷ ಒಬ್ರಿಗೆ ಮಾತ್ರ. ಬರೆದವರದ್ದೇ ಕರಾರು.”

ಯಾರಿಗೆ ಎಂದು ಕೇಳಿದರೆ, ಅದನ್ನು ಹೇಳುವ ಹಾಗಿಲ್ಲ ಎಂದಳು. ಅವರು ಬಿಟ್ಟುಕೊಟ್ಟರೆ ಏನು ಎಂದು ಕೇಳಿದರೆ, ಆಮೇಲೆ ಯಾರ ಅರ್ಜಿ ಮೊದಲು ಕೈ ಸೇರುತ್ತದೋ ಅವರದ್ದು, ಫ್ಯಾಕ್ಸ್ ಆದರೂ ನಡೆಯುತ್ತದೆ ಎಂದಳು. ಮೇಷ್ಟ್ರು ಫೋನಿಟ್ಟು ಕುರ್ಚಿಯಲ್ಲಿ ಕುಸಿದರು. ಹತ್ತೊಂಬತ್ತು ವರ್ಷ ಕಾದು, ಬಾಗಿಲು ತೆರೆದ ದಿನ ನಿದ್ದೆ ಹೋದವನ ಸ್ಥಿತಿ ಅವರದ್ದು.

ಕೋಚ್ ಹತ್ತಿರ ಬಂದು ಕೂತರು. ಅವರ ಪ್ರಕಾರ ಮೊದಲು ಕಳ್ಳನನ್ನು ಹಿಡಿಯಬೇಕು, ಅರ್ಜಿ ಆಮೇಲೆ. ಅಷ್ಟು ಹೊತ್ತಿಗೆ ಹೊಲಿಗೆ ಕಲಿಸುವ ಟೀಚರು ಬಂದರು, ವಿಜ್ಞಾನದವರು ಬಂದರು. ಇದು ಲೂಥರನ್ ಚರ್ಚಿನ ಹೆಂಗಸರದ್ದೇ ಕೆಲಸ, ಅವರು ಈಸ್ಟರಿಗೆ ಏನೋ ಆಡುತ್ತಾರಂತೆ ಎಂದರು ಹೊಲಿಗೆಯವರು. ಕೋಚ್ ಒಪ್ಪಲಿಲ್ಲ.

“ಡೆಲ್ಮಾಂಟ್ ಶಾಲೆಯಲ್ಲಿ ನಾಟಕ ಆಡಿಸೋ ಜೊಲೀನ್ ಫಿಸ್ಕ್ ಬಿಟ್ಟು ಬೇರೆ ಯಾರೂ ಅಲ್ಲ ಮೇಷ್ಟ್ರೇ. ನಾಲ್ಕು ವರ್ಷದಿಂದ ಜಿಲ್ಲಾ ನಾಟಕ ಸ್ಪರ್ಧೆಯ ಕಪ್ಪು ಯಾರ ಬೀರುವಲ್ಲಿದೆ ಹೇಳಿ. ನಿಮ್ಮ ಕ್ಲಾಸ್ ನಾನು ನೋಡ್ಕೋತೀನಿ, ನೀವು ಗಾಡಿ ತೆಗೀರಿ.”

ಕೋಚ್ ನೋಡಿಕೊಂಡದ್ದು ಹೇಗೆಂದರೆ, ಕವಿತೆ ಓದಬೇಕಿದ್ದ ಮಕ್ಕಳಿಗೆ ಹಿಂದಿನ ವಾರದ ಪಂದ್ಯದ ವೀಡಿಯೊ ತೋರಿಸಿದರು. ಮಕ್ಕಳು ಮೇಷ್ಟ್ರು ನಾಳೆಯೂ ಹೋಗಲಿ ಎಂದು ಹಾರೈಸಿದರಂತೆ.

ಚರ್ಚು ದಾರಿಯಲ್ಲೇ ಇದ್ದುದರಿಂದ ಮೇಷ್ಟ್ರು ಮೊದಲು ಅದರ ನೆಲಮಾಳಿಗೆಗೆ ಇಳಿದರು. ಏಳೆಂಟು ಹೆಂಗಸರು ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಲಟ್ಟಿಸುತ್ತಿದ್ದರು. ಇವರು ಸುತ್ತಿ ಬಳಸಿ ನಾಟಕದ ಮಾತು ತೆಗೆದರು. ಅವರು ಆಡುವುದಿರಲಿ, ಯೋಚನೆಯನ್ನೂ ಮಾಡಿರಲಿಲ್ಲ. ಮೇಷ್ಟ್ರೇ ತಾವಾಗಿ ಬಂದು ಕೇಳುತ್ತಿರುವಾಗ ಯಾಕೆ ಆಡಬಾರದು ಎಂದು ಅಲ್ಲೇ ಚರ್ಚೆ ಹತ್ತಿಕೊಂಡಿತು. ಬೆಣ್ಣೆ ಸಕ್ಕರೆ ಸವರಿದ ಮೂರು ರೊಟ್ಟಿ ತಿನ್ನಿಸಿ, ಈಸ್ಟರಿನಲ್ಲಿ ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ಪಿಲಾತನ ಪಾತ್ರ ನೀವೇ ಮಾಡಬೇಕೆಂದು ಒಪ್ಪಿಸಿ ಕಳಿಸಿದರು. ಬಂದ ಕೆಲಸ ಆಗಲಿಲ್ಲ, ಬಾರದ ಕೆಲಸ ಹೆಗಲೇರಿತು.

ಡೆಲ್ಮಾಂಟ್ ಇಪ್ಪತ್ತೆರಡು ಮೈಲಿ. ರಸ್ತೆಯ ಮೇಲೆ ಹಿಮ ಹಾವಿನ ಹಾಗೆ ಹರಿದಾಡುತ್ತಿತ್ತು. ದಾರಿಯುದ್ದಕ್ಕೂ ಮೇಷ್ಟ್ರು ಜೊಲೀನ್‌ಗೆ ಆಡಬೇಕಾದ ಮಾತುಗಳನ್ನು ಗಟ್ಟಿಯಾಗಿ ತಾಲೀಮು ಮಾಡಿದರು. ಕಲೆ ಅಂದರೆ ಕಪ್ಪು ಗೆಲ್ಲುವುದಲ್ಲ ಎಂದು ಶುರುವಾಗಿ, ನಿಮ್ಮ ಮನಸ್ಸಾಕ್ಷಿಯನ್ನೇ ಕೇಳಿಕೊಳ್ಳಿ ಎಂದು ಮುಗಿಯುವ ಹಾಗೆ ಕಟ್ಟಿಕೊಂಡರು. ಮಧ್ಯೆ ಒಂದು ಕಡೆ ದನಿ ಇಳಿಸುವ ಜಾಗವನ್ನೂ ಗುರುತು ಮಾಡಿಕೊಂಡರು.

ಜೊಲೀನ್ ಫಿಸ್ಕ್ ತಮ್ಮ ಚಿಕ್ಕ ಕೋಣೆಯಲ್ಲಿ ಕೂತು ಹಳೆಯ ವಿಗ್ಗು ಬಾಚುತ್ತಿದ್ದರು. ಕಟ್ಟಿಕೊಂಡು ಬಂದ ಮಾತೆಲ್ಲ ಕೇಳಿಸಿಕೊಂಡು, ಬಾಚಣಿಗೆ ಕೆಳಗಿಟ್ಟು, “ಮೇಷ್ಟ್ರೇ, ಯಾವ ನಾಟಕ ಅಂದ್ರಿ?” ಎಂದರು.

ಆಕೆ ಆ ನಾಟಕದ ಹೆಸರನ್ನೇ ಕೇಳಿರಲಿಲ್ಲ. ಇವರು ಪಿಚ್ಚಾದರು. ಕ್ಷಮೆ ಕೇಳಿ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಹೆಸರೇ ಕೇಳಿಲ್ಲವೆಂದರೆ ಮೇಷ್ಟ್ರಿಗೆ ತಡೆಯುವುದು ಹೇಗೆ? ಕಥೆ ಹೇಳತೊಡಗಿದರು. ಹೇಳುತ್ತ ಹೇಳುತ್ತ ಎದ್ದು ನಿಂತರು. ಜೊಲೀನ್‌ರ ಮೇಜಿನ ದೀಪವೇ ಎಕ್ಸ್‌ಚೇಂಜಿನ ದೀಪವಾಯಿತು, ವಿಗ್ಗು ಆ ಹೆಂಗಸಿನ ಬೆಕ್ಕಾಯಿತು. ಹಿಮದಲ್ಲಿ ಸಿಕ್ಕಿಬಿದ್ದ ಹೆರಿಗೆಯ ಹೆಂಗಸಿಗೆ ಫೋನಿನಲ್ಲೇ ಸೂಲಗಿತ್ತಿಯನ್ನು ಕೂಡಿಸುವ ಭಾಗ ಬಂದಾಗ ಜೊಲೀನ್ ಕೈವಸ್ತ್ರ ತೆಗೆದರು. ಕೊನೆಯಲ್ಲಿ, ಊರಿನವರನ್ನೆಲ್ಲ ಮಾತಾಡಿಸಿದವಳ ತಂಗಿಯ ಮನೆಯ ತಂತಿಯೇ ಕಡಿದುಹೋದದ್ದು ಗೊತ್ತಾಗುವಾಗ ಮೇಷ್ಟ್ರ ದನಿಯೂ ಒಡೆಯಿತು. ಹತ್ತೊಂಬತ್ತು ವರ್ಷದಲ್ಲಿ ಅವರು ಅಷ್ಟು ಚೆನ್ನಾಗಿ ಯಾರಿಗೂ ಆ ಕಥೆ ಹೇಳಿರಲಿಲ್ಲ. ಹೇಳಬಾರದ ಕಡೆ ಹೇಳಿದರು.

ಕಣ್ಣೊರೆಸಿಕೊಂಡು ಜೊಲೀನ್ ಸಹಾಯಕ್ಕೂ ಬಂದರು. “ನ್ಯೂಯಾರ್ಕಿಗೆ ಇನ್ನೊಂದ್ಸಲ ಫೋನ್ ಮಾಡಿ. ಹೆಸರು ಹೇಳ್ದೇ ಇದ್ರೆ ಬೇಡ, ಡೆಲ್ಮಾಂಟ್ ಅಲ್ಲ ತಾನೇ ಅಂತ ಕೇಳಿ. ಒಂದೊಂದೇ ತೆಗೆದುಹಾಕಿದ್ರೆ ಉಳಿದಿದ್ದು ಸಿಗುತ್ತೆ,” ಎಂದು ತಮ್ಮ ಫೋನನ್ನೇ ಮುಂದೆ ತಳ್ಳಿದರು.

ಅದೇ ಹುಡುಗಿ ಎತ್ತಿಕೊಂಡಳು. ನಮ್ಮೂರಿಂದ ಇಪ್ಪತ್ತೆರಡು ಮೈಲಿ ದೂರದ ಡೆಲ್ಮಾಂಟಿಗೆ ಕೊಟ್ಟಿಲ್ಲ ತಾನೇ ಎಂದು ಮೇಷ್ಟ್ರು ಕೇಳಿದರು. ಹುಡುಗಿ ಪಾಪ, ಊಟದ ಹೊತ್ತು, ಬೇಗ ಮುಗಿಸುವ ಆತುರ. “ಅಷ್ಟು ದೂರ ಅಲ್ಲ ಸಾರ್. ನಿಮಗೂ ಅವರಿಗೂ ಒಂಬತ್ತೇ ಮೈಲಿ. ನಕ್ಷೆ ಮುಂದೇನೇ ಇದೆ,” ಎಂದುಬಿಟ್ಟಳು.

ಒಂಬತ್ತು ಮೈಲಿಗೆ ಇರುವುದು ಒಂದೇ ಊರು. ವಾಲ್ಡೆಕ್. ಅಲ್ಲಿರುವುದು ಒಂದು ಬಾರು, ಒಂದು ಅಂಚೆ ಕಚೇರಿ, ಮತ್ತು ಸೂರ್ಯಕಾಂತಿ ಬೀಜ.

ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಅರ್ಜಿ ಹಾಕಿದವರು ವಾಲ್ಡೆಕ್ ಪ್ರೌಢಶಾಲೆ ಎಂದು ಬರೆದಿದ್ದಾರೋ ಎಂದು ಕೇಳಿದರು. ಹುಡುಗಿ ಮಾತಾಡಲಿಲ್ಲ. ಅಷ್ಟೇ ಸಾಕಾಯಿತು. ನಿಮ್ಮ ಮೇಲಿನವರನ್ನು ಕರೆಯಿರಿ ಎಂದರು. ಯಾರೋ ಗಂಭೀರ ದನಿಯ ಗಂಡಸು ಬಂದ.

“ನೋಡಿ ಸ್ವಾಮಿ, ಮೂವತ್ತೊಂದು ವರ್ಷದಿಂದ ಈ ಸೀಮೆಯಲ್ಲಿ ಪಾಠ ಮಾಡ್ತಿದ್ದೀನಿ,” ಎಂದರು ಮೇಷ್ಟ್ರು. “ವಾಲ್ಡೆಕ್ ಪ್ರೌಢಶಾಲೆ ಅಂತ ಯಾವುದೂ ಇಲ್ಲ. ಹನ್ನೊಂದು ವರ್ಷದ ಹಿಂದೆ ಮುಚ್ಚಿ ಹೋಯ್ತು. ಇಲ್ಲದ ಶಾಲೆ ಹೆಸರಲ್ಲಿ ಯಾರೋ ನಿಮಗೆ ಟೋಪಿ ಹಾಕಿದ್ದಾರೆ. ಬೇಕಾದ್ರೆ ಪ್ರಮಾಣ ಮಾಡಿ ಹೇಳ್ತೀನಿ.”

ಆ ಮನುಷ್ಯ ಹೆಸರು, ಶಾಲೆ, ಹುದ್ದೆ ಎಲ್ಲ ಕೇಳಿ ಬರೆದುಕೊಂಡ. ಹಿಂದೆಯೂ ಒಬ್ಬರು ಹೀಗೆ ಸುಳ್ಳು ಶಾಲೆಯ ಹೆಸರಲ್ಲಿ ನಾಟಕ ಆಡಿ ದುಡ್ಡು ಮಾಡಿದ್ದರಂತೆ, ಅವನಿಗೆ ಆ ಸಿಟ್ಟು ಇನ್ನೂ ಇತ್ತು. ಅನುಮತಿ ಪತ್ರ ಅಂಚೆಗೆ ಹೋಗಿಯಾಗಿದೆ, ಹೋದರೂ ಚಿಂತೆಯಿಲ್ಲ, ಈ ಕ್ಷಣದಿಂದ ಅದು ರದ್ದು ಎಂದ. ಇನ್ನು ಮೊದಲು ಬಂದ ಅರ್ಜಿಗೆ ಕೊಡುತ್ತೇವೆ ಎಂದೂ ಹೇಳಿದ. ಮೇಷ್ಟ್ರು ಅದನ್ನು ಖುಷಿಯಲ್ಲಿ ಜೊಲೀನ್‌ಗೆ ಗಟ್ಟಿಯಾಗಿ ತಿರುಗಿ ಹೇಳಿದರು.

ಫ್ಯಾಕ್ಸ್ ಯಂತ್ರ ಜೊಲೀನ್‌ರ ಮೊಣಕೈ ಹತ್ತಿರವೇ ಇತ್ತು. ಅರ್ಜಿ ಮೇಷ್ಟ್ರ ಜೇಬಿನಲ್ಲಿತ್ತು. ಇಲ್ಲಿಂದಲೇ ಕಳಿಸಿಬಿಡಿ ಎಂದು ಜೊಲೀನ್ ಹೇಳಿಯೂ ಹೇಳಿದರು. ಆದರೆ ಆ ಯಂತ್ರದಿಂದ ಹೋದ ಪ್ರತಿ ಹಾಳೆಯ ನೆತ್ತಿಯ ಮೇಲೂ ಡೆಲ್ಮಾಂಟ್ ಪ್ರೌಢಶಾಲೆ ಎಂದು ಮುದ್ರೆ ಬೀಳುತ್ತಿತ್ತು. ಹತ್ತೊಂಬತ್ತು ವರ್ಷ ಕಾದ ಅರ್ಜಿಯ ತಲೆಯ ಮೇಲೆ ನಾಲ್ಕು ಸಲ ಕಪ್ಪು ಕಸಿದ ಶಾಲೆಯ ಹೆಸರೇ? ಮೇಷ್ಟ್ರ ಮನಸ್ಸು ಒಪ್ಪಲಿಲ್ಲ. ನಮ್ಮೂರಿನಿಂದಲೇ ಕಳಿಸುತ್ತೇನೆ, ಮುಕ್ಕಾಲು ಗಂಟೆಯ ಮಾತು ಎಂದು ಹೊರಟೇಬಿಟ್ಟರು. ಜೊಲೀನ್ ಬಾಗಿಲವರೆಗೂ ಬಂದು ಕೈ ಬೀಸಿದರು.

ಮುಕ್ಕಾಲು ಗಂಟೆ ಎರಡು ಗಂಟೆಯಾಯಿತು. ರೈಲ್ವೆ ಗೇಟಿನಲ್ಲಿ ಗೋಧಿ ತುಂಬಿದ ಗೂಡ್ಸು ಅಡ್ಡ ನಿಂತಿತ್ತು. ಮೇಷ್ಟ್ರು ಡಬ್ಬಿ ಎಣಿಸಿದರು, ನೂರ ಹತ್ತರ ತನಕ ಎಣಿಸಿ ಬಿಟ್ಟರು. ಅದು ಸರಿದ ಮೇಲೆ ಊರಿಗೆ ಬಂದರೆ ಶಾಲೆಯ ಆಫೀಸಿಗೆ ಇನ್ನೂ ಬೀಗ. ಅದು ಅವರಿಗೆ ನೆನಪಾದದ್ದು ಬಾಗಿಲ ಹಿಡಿ ತಿರುಗಿಸಿದ ಮೇಲೆಯೇ. ಅಲ್ಲಿಂದ ಧಾನ್ಯದ ಗೋದಾಮಿನ ಆಫೀಸಿಗೆ ಓಡಿದರು. ಅಲ್ಲಿನ ಮುದುಕ ಹ್ಯಾಲ್ವರ್‌ಗೆ ಫ್ಯಾಕ್ಸ್ ಎಂದರೆ ಪೂಜೆಯಷ್ಟು ನಿಧಾನದ ಕೆಲಸ. ಮೊದಲು ಕನ್ನಡಕ ಒರೆಸಿದ, ಆಮೇಲೆ ಕಾಫಿ ಕೊಟ್ಟ, ಸೋಯಾ ಬೆಲೆ ವಿಚಾರಿಸಿದ, ಕೊನೆಗೆ ಹಾಳೆ ಇಟ್ಟ. ನಾಲ್ಕು ಪುಟದ ಕಾಗದವೂ ಇರಲಿ ಎಂದು ಮೇಷ್ಟ್ರು ಅದನ್ನೂ ಕೊಟ್ಟರು.

ಹತ್ತೇ ನಿಮಿಷದಲ್ಲಿ ಉತ್ತರ ಕಿರಗುಟ್ಟುತ್ತ ಬಂತು. ಅದರಲ್ಲಿ, ಡೆಲ್ಮಾಂಟ್ ಪ್ರೌಢಶಾಲೆಯ ಅರ್ಜಿ ನಿಮ್ಮದಕ್ಕಿಂತ ಮೊದಲೇ ಕೈ ಸೇರಿದೆ ಎಂದೂ, ರದ್ದಾದ ವಾಲ್ಡೆಕ್‌ನ ಅರ್ಜಿಗೆ ಸಹಿ ಹಾಕಿದ್ದವರು ಒಟಿಲಿಯಾ ಶಾಟ್ಸ್, ಅವರು ಅನುಮತಿ ಕೇಳಿದ್ದು ಟೋರ್ವಿಕ್-ವಾಲ್ಡೆಕ್ ಪ್ರೌಢಶಾಲೆಗೆ ಎಂದೂ ಇತ್ತು.